‘ಸುಮ್ನೆ ಇದೀನಿ ಮಿಸ್’

ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದಿನ ತಿಪಟೂರು ಬಸ್ ಸ್ಟ್ಯಾಂಡಲ್ಲಿ ಒಬ್ಬ ಹುಡುಗ ಸಿಕ್ಕಿದ. ಒಂಬತ್ತು ಹತ್ತು ಎರಡೂ ಕ್ಲಾಸಲ್ಲಿ ನನ್ ಹತ್ರ ಗಣಿತ ಕಲಿತವನು. ನನ್ನ ನೋಡಿದ್ ತಕ್ಷಣ ಕಂಬದ ಹಿಂದಕ್ಕೆ ಸರಿದ, ನಾನೇ ಹತ್ರ ಹೋಗಿ ಮಾತಾಡಿಸ್ದೆ. ಏನೋ ಮಾಡ್ತಿದೀಯ ಈಗ ಅಂದ್ರೆ ತಲೆ ಎತ್ತದೆ ಹೇಳ್ದ, "ಏನಿಲ್ಲ ಮಿಸ್, ಸುಮ್ನೆ ಇದೀನಿ."

ಅವನ ಕೈ ನೋಡ್ದೆ. ಎರಡೂ ಅಂಗೈ ಗಟ್ಟಿ ಕಟ್ಟಿಹೋಗಿತ್ತು, ಬೆರಳ ಸಂದಿಯಲ್ಲಿ ಕಂದು ಕರೆ, ಹೆಬ್ಬೆರಳ ಹತ್ರ ಒಂದು ಹಳೇ ಗಾಯ. ನಮ್ ಕಡೆಯವರಿಗೆ ಆ ಕೈ ನೋಡಿದ್ರೇ ಗೊತ್ತಾಗುತ್ತೆ, ಕಾಯಿ ಸುಲಿಯೋ ಕೈ ಅದು. ತೆಂಗಿನಕಾಯನ್ನ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಹಾಕಿ ಒಳಗೇ ಉಂಡೆ ಕೊಬ್ಬರಿ ಆಗೋವರೆಗೂ ಬಿಟ್ಟು, ಆಮೇಲೆ ಇಳಿಸಿ ಸುಲಿಸ್ತಾರೆ. ನೆಲಕ್ಕೆ ನೆಟ್ಟಿರೋ ಕಬ್ಬಿಣದ ಮೊನೆಗೆ ಒಣಗಿದ ಮಟ್ಟೆ ಚುಚ್ಚಿ ತಿರುಚಿ ಬಿಡಿಸೋದು, ಒಂದು ಕ್ಷಣ ಗಮನ ತಪ್ಪಿದ್ರೆ ಅಂಗೈಯೇ ಸೀಳುತ್ತೆ. ಬೆಳಗ್ಗೆ ಆರಕ್ಕೆ ಶುರು ಮಾಡಿ ಸಂಜೆವರೆಗೂ ಸುಲೀತಾರೆ. ಅದನ್ನ ಮಾಡೋ ಹುಡುಗ ‘ಸುಮ್ನೆ ಇದೀನಿ’ ಅಂತಾನೆ.

ಆ ಒಂದು ಮಾತು ನನ್ನ ಬಿಡಲೇ ಇಲ್ಲ. ಆಮೇಲೆ ಬೇಕು ಅಂತಾನೇ ಹಳೇ ಹುಡುಗರನ್ನ ಕೇಳ್ತಾ ಹೋದೆ. ಗಾರೆ ಕೆಲಸಕ್ಕೆ ಹೋಗೋನು ಸುಮ್ನೆ ಇದಾನೆ, ಬಿ.ಎಚ್. ರೋಡಿನ ಪಂಕ್ಚರ್ ಅಂಗಡಿಯಲ್ಲಿ ಎರಡು ವರ್ಷದಿಂದ ಇರೋನು ಸುಮ್ನೆ ಇದಾನೆ, ಮದುವೆ ಸೀಸನಲ್ಲಿ ಅಡುಗೆ ಭಟ್ಟರ ಜೊತೆ ಊರೂರು ತಿರುಗೋನೂ ಸುಮ್ನೆ ಇದಾನೆ. ಹೆಣ್ಣುಮಕ್ಕಳಂತೂ ‘ಮನೇಲಿದೀನಿ’. ಅವರು ಸುಳ್ಳು ಹೇಳ್ತಿಲ್ಲ. ಸ್ಕೂಲು, ಕಾಲೇಜು, ಕಂಪನಿ, ಗೌರ್ಮೆಂಟು ಈ ನಾಲ್ಕರಲ್ಲಿ ಯಾವುದೂ ಅಲ್ಲ ಅಂದ್ರೆ ಅದು ಲೆಕ್ಕಕ್ಕೇ ಬರಲ್ಲ ಅಂತ ನಾವೇ ಅವರಿಗೆ ಕಲಿಸಿರೋದು. ಇದನ್ನ ಬರೆಯೋಕೆ ಕಾರಣ ಇಷ್ಟೇ, ಈ ಮಕ್ಕಳನ್ನ ಮತ್ತೆ ಓದಿಗೆ, ಕೆಲಸಕ್ಕೆ ಸೇರಿಸೋದು ಅಂದ್ರೆ ಸೋಮಾರಿಗಳನ್ನ ಎಬ್ಬಿಸೋದು ಅಂತ ತುಂಬಾ ಜನ ಅನ್ಕೊಂಡಿದಾರೆ, ನಾನೂ ಎಷ್ಟೋ ವರ್ಷ ಹಾಗೇ ಅನ್ಕೊಂಡಿದ್ದೆ, ಅದು ತಪ್ಪು.

ಇಂಥವರಿಗೆ ಇಂಗ್ಲಿಷಲ್ಲಿ ಒಂದು ಹೆಸರಿದೆ, ‘ನೀಟ್’. ಓದ್ತಾ ಇಲ್ಲ, ಕೆಲಸದಲ್ಲಿಲ್ಲ, ತರಬೇತಿಯಲ್ಲೂ ಇಲ್ಲ ಅನ್ನೋದರ ಮೊದಲಕ್ಷರಗಳು. 1999ರಲ್ಲಿ ಬ್ರಿಟನ್ ಸರ್ಕಾರದ ಒಂದು ವರದಿ ಬಂದ ಮೇಲೆ ಈ ಪದ ಚಾಲ್ತಿಗೆ ಬಂತು. ನಮ್ಮಲ್ಲಿ ನೀಟ್ ಅಂದ್ರೆ ಡಾಕ್ಟರ್ ಆಗೋ ಪರೀಕ್ಷೆ, ಆ ನೀಟ್ ಬಗ್ಗೆ ದಿನಾ ಪೇಪರಲ್ಲಿ ಬರುತ್ತೆ, ಈ ನೀಟ್ ಬಗ್ಗೆ ಬರೋದೇ ಇಲ್ಲ. ನಮ್ಮ ದೇಶದ್ದೇ ಎನ್ಎಸ್ಎಸ್, ಅಂದ್ರೆ ರಾಷ್ಟ್ರೀಯ ಮಾದರಿ ಸಮೀಕ್ಷೆಯ 78ನೇ ಸುತ್ತಿನ ಸರ್ವೆ, 2020-21ರದ್ದು, ಅದರ ಪ್ರಕಾರ 15ರಿಂದ 29 ವಯಸ್ಸಿನವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಹೀಗಿದ್ದಾರೆ, ಹೆಣ್ಣುಮಕ್ಕಳನ್ನೇ ತಗೊಂಡ್ರೆ ಅರ್ಧಕ್ಕಿಂತ ಜಾಸ್ತಿ. ಕಾಯಿ ಸುಲಿಯೋ ಹುಡುಗನ್ನ ಸರ್ವೆಯವರು ಕೆಲಸದಲ್ಲಿದಾನೆ ಅಂತಾನೇ ಬರ್ಕೋತಾರೇನೋ, ಅಂಥವರನ್ನೂ ಸೇರಿಸಿದ್ರೆ ದಾರಿ ತಪ್ಪಿ ನಿಂತಿರೋ ಮಕ್ಕಳು ಇನ್ನೂ ಜಾಸ್ತಿನೇ.

ಇವರು ಯಾವಾಗ ಕೈಬಿಟ್ಟು ಹೋಗ್ತಾರೆ ಅನ್ನೋದು ಗೊತ್ತಿಲ್ಲದ ವಿಷಯ ಏನಲ್ಲ. ಮಕ್ಕಳ ಓದು ಕಲಿಕೆ ಬಗ್ಗೆ ದೇಶದಲ್ಲಿ ನಡೆಯೋ ‘ಅಸರ್’ ಅನ್ನೋ ಸರ್ವೆಯ 2023ರ ವರದಿಯಲ್ಲಿ ಹಳ್ಳಿಗಳ 14ರಿಂದ 18 ವರ್ಷದ ಮಕ್ಕಳನ್ನ ನೋಡಿದ್ರು. 14 ವರ್ಷದವರಲ್ಲಿ ಎಲ್ಲೂ ಓದ್ತಾ ಇಲ್ಲದವರು ಶೇ. 3.9, 18 ವರ್ಷದವರಲ್ಲಿ ಶೇ. 32.6. ನಾಲ್ಕೇ ವರ್ಷದಲ್ಲಿ. ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೆ ನಿಂತುಹೋಗುತ್ತೆ, ಅಲ್ಲಿವರೆಗೂ ಮಗು ಬರ್ಲಿಲ್ಲ ಅಂದ್ರೆ ನಾವು ಟೀಚರ್‌ಗಳು ಮನೆ ಬಾಗಿಲಿಗೆ ಹೋಗಿ ಕರ್ಕೊಂಡು ಬರ್ತೀವಿ, ಆಮೇಲೆ ಯಾರೂ ಹೋಗಲ್ಲ.

ನಮ್ಮ ರಾಜ್ಯದಲ್ಲಿ ಮಕ್ಕಳು ಹೀಗೆ ಹೊರಗೆ ಹೋಗೋ ಬಾಗಿಲು ಎಸ್ಸೆಸ್ಸೆಲ್ಸಿ. 2024ರಲ್ಲಿ ಮೊದಲನೇ ಪರೀಕ್ಷೆ ಬರೆದೋರು ಸುಮಾರು 8 ಲಕ್ಷ 60 ಸಾವಿರ, ಪಾಸಾದವರು ಶೇ. 73.40. ಅಂದ್ರೆ 2 ಲಕ್ಷ 28 ಸಾವಿರಕ್ಕೂ ಜಾಸ್ತಿ ಮಕ್ಕಳು ಒಂದೇ ಬೆಳಗ್ಗೆ ಮೊಬೈಲಲ್ಲಿ ‘ಫೇಲ್’ ಅಂತ ನೋಡಿದ್ರು. ಆ ಕಾಯಿ ಸುಲಿಯೋ ಹುಡುಗನೂ ಅವರಲ್ಲೊಬ್ಬ, ಮೂರು ಸಬ್ಜೆಕ್ಟು, ಗಣಿತ ವಿಜ್ಞಾನ ಇಂಗ್ಲಿಷು. ಆ ವರ್ಷ ಮೂರು ಪರೀಕ್ಷೆಯ ಪದ್ಧತಿ ಬಂತು, ಒಂದರಲ್ಲಿ ಹೋದ್ರೆ ಎರಡು, ಎರಡರಲ್ಲಿ ಹೋದ್ರೆ ಮೂರು, ವರ್ಷ ವೇಸ್ಟ್ ಆಗ್ತಿರಲಿಲ್ಲ. ಒಳ್ಳೇ ಪದ್ಧತಿ, ಮನಸ್ಸಿಂದ ಹೇಳ್ತೀನಿ. ಒಂದು ಸಬ್ಜೆಕ್ಟ್ ಹೋದವರು ಬಂದು ಬರೆದು ಪಾಸಾಗಿ ಅದೇ ವರ್ಷ ಪಿಯುಸಿಗೆ ಸೇರಿದ್ದನ್ನ ಕಣ್ಣಾರೆ ನೋಡಿದೀನಿ. ಆದ್ರೆ ಮೂರು ನಾಲ್ಕು ಹೋದವರು ಬರೋದೇ ಇಲ್ಲ. ಯಾಕೆ ಬರಲ್ಲ ಅಂತ ಸ್ಟಾಫ್ ರೂಮಲ್ಲಿ ಕೂತು ಮಾತಾಡ್ಕೋತಿದ್ವಿ, ಆಸಕ್ತಿ ಇಲ್ಲ, ಮನೆಯವರು ಸರಿ ಇಲ್ಲ, ಮೊಬೈಲು, ಇವೇ ಉತ್ತರ.

ಬಸ್ ಸ್ಟ್ಯಾಂಡಲ್ಲಿ ಸಿಕ್ಕ ಹುಡುಗನ್ನ ನಾನು ನೇರವಾಗಿ ಕೇಳ್ದೆ, ಯಾಕೋ ಮತ್ತೆ ಕಟ್ಟಲಿಲ್ಲ ಅಂತ. ಮೊದಲು ಏನೇನೋ ಹೇಳ್ದ. ಆಮೇಲೆ ಹೇಳಿದ್ದು ಇದು, ಮತ್ತೆ ಪರೀಕ್ಷೆ ಕಟ್ಟಬೇಕು ಅಂದ್ರೆ ನಮ್ ಸ್ಕೂಲಿಗೇ ಬರ್ಬೇಕಲ್ವಾ ಮಿಸ್, ಆಫೀಸ್ ಹೊರಗೆ ನಿಂತ್ಕೋಬೇಕು, ಒಂಬತ್ತನೇ ಕ್ಲಾಸಲ್ಲಿದ್ದ ನನ್ ತಂಗಿ ಫ್ರೆಂಡ್ಸ್ ಎಲ್ಲ ನೋಡ್ತಾರೆ. ಒಂದ್ಸಲ ಬಂದಿದ್ದನಂತೆ. ಗೇಟಿನವರೆಗೂ ಬಂದು, ಪ್ರೇಯರ್ ನಡೀತಿತ್ತು, ಹಂಗೇ ವಾಪಸ್ ಹೋಗಿದಾನೆ. ಅದೇ ಪ್ರೇಯರ್‌ನಲ್ಲಿ ನಾನೂ ನಿಂತಿದ್ದೆ ಅನ್ನೋದು ನನಗೆ ಇವತ್ತಿಗೂ ಸಂಕಟ. ಗೇಟಿಂದ ನಾನಿದ್ದ ಜಾಗಕ್ಕೆ ನಲವತ್ತು ಹೆಜ್ಜೆನೂ ಇಲ್ಲ.

ಅವನಿಗೆ ಆಸಕ್ತಿ ಇತ್ತು, ಬಂದಿದ್ದ. ಅಡ್ಡ ಬಂದಿದ್ದು ಆ ನಲವತ್ತು ಹೆಜ್ಜೆ.

ಅವತ್ತಿಂದ ಭಾನುವಾರ ನಮ್ಮನೆ ವರಾಂಡದಲ್ಲಿ ಕೂರೋದು ಶುರುವಾಯ್ತು. ಮೊದಲ ವಾರ ಅವನೊಬ್ಬನೇ, ಆಮೇಲೆ ಮೂರು ಜನ, ಒಂದು ಹಂತದಲ್ಲಿ ಹನ್ನೊಂದು ಜನ. ಟ್ಯೂಷನ್ ಅಂತ ಕರೀಬೇಡಿ ಮಿಸ್ ಅಂದ್ರು, ಸರಿ ಏನೂ ಕರೀಲಿಲ್ಲ. ಅಲ್ಲಿ ನಾನು ಕಲಿತ ಮೊದಲ ವಿಷಯ, ಹತ್ತನೇ ಕ್ಲಾಸಿನ ಗಣಿತದಲ್ಲಿ ಫೇಲಾದ ಹುಡುಗ ನಿಜವಾಗಿ ಫೇಲಾಗಿರೋದು ನಾಲ್ಕನೇ ಕ್ಲಾಸಲ್ಲಿ. ಭಾಗಾಕಾರ ಬರಲ್ಲ. ಅಸರ್‌ನಲ್ಲೂ ಅದೇ ಇದೆ, ಮೂರಂಕಿ ಸಂಖ್ಯೆಯನ್ನ ಒಂದಂಕಿಯಿಂದ ಭಾಗಿಸೋಕೆ ಬಂದವರು ಶೇ. 43.3 ಮಾತ್ರ, ಕಾಲು ಭಾಗದಷ್ಟು ಮಕ್ಕಳಿಗೆ ತಮ್ಮ ಭಾಷೆಯ ಎರಡನೇ ಕ್ಲಾಸಿನ ಪಾಠವನ್ನೇ ಸರಾಗವಾಗಿ ಓದೋಕಾಗಲ್ಲ. ನಾನು ಹತ್ತನೇ ಕ್ಲಾಸಲ್ಲಿ ಆ ಹುಡುಗನಿಗೆ ವರ್ಗಸಮೀಕರಣ ಹೇಳ್ಕೊಡ್ತಿದ್ದೆ. ಅವನು ಬೋರ್ಡ್ ಮೇಲಿದ್ದಿದ್ದನ್ನ ಚೆನ್ನಾಗಿ ಬರ್ಕೋತಿದ್ದ, ಅಕ್ಷರ ಮುತ್ತಿನ ಹಾಗೆ, ನನಗೆ ಗೊತ್ತೇ ಆಗಿರಲಿಲ್ಲ.

ಅದೇ ಹುಡುಗ ಒಂದು ಭಾನುವಾರ ಬಂದ, ಹಿಂದಿನ ದಿನ 740 ಕಾಯಿ ಸುಲಿದೆ ಮಿಸ್ ಅಂದ. ನೂರಕ್ಕೆ ಎಷ್ಟೋ ಅಂದೆ, 90 ರೂಪಾಯಿ ಅಂದ. ಹಾಗಾದ್ರೆ ಎಷ್ಟು ಬಂತು ಅಂತ ಕೇಳೋದ್ರೊಳಗೆ 666 ಅಂತ ಹೇಳ್ದ, ಯೋಚನೆನೇ ಮಾಡ್ಲಿಲ್ಲ. ಹೆಂಗೋ ಮಾಡಿದೆ ಅಂದ್ರೆ, ಏಳ್ನೂರಕ್ಕೆ 630, ನಲವತ್ತಕ್ಕೆ ನಾಲ್ಕೊಂಬತ್ಲಿ 36 ಅಷ್ಟೇ ಅಲ್ವಾ ಅಂದ. ಅದನ್ನೇ ಪೇಪರ್ ಮೇಲೆ ಬರೆದುಕೊಟ್ಟೆ, 740 ಗುಣಿಸು 90 ಭಾಗಿಸು 100 ಅಂತ. ಪೆನ್ನು ಹಿಡ್ಕೊಂಡು ಕೂತ, ಹಣೆ ಮೇಲೆ ಬೆವರು. ಇದೇ ಲೆಕ್ಕ ಕಣೋ ನೀನು ಈಗ ಹೇಳಿದ್ದು ಅಂದಾಗ ತಲೆ ಎತ್ತಿ ನೋಡಿದ ನೋಟ, ಅದನ್ನ ಬರೆಯೋಕೆ ನನಗೆ ಬರಲ್ಲ. ಅಲ್ಲಿಂದ ಎಲ್ಲ ಲೆಕ್ಕನೂ ಕಾಯಿಯಿಂದ್ಲೇ ಶುರು ಮಾಡಿದ್ವಿ. ಶೇಕಡಾ, ಸರಾಸರಿ, ಸಮಾಂತರ ಶ್ರೇಢಿ ಕೂಡ, ಮೊದಲ ದಿನ 300 ಕಾಯಿ, ದಿನಕ್ಕೆ 20 ಜಾಸ್ತಿ ಸುಲಿದ್ರೆ ಹದಿನೈದನೇ ದಿನ ಎಷ್ಟು ಅಂತ. ದಿನಾ ಹಂಗೆ ಏರಿಸ್ತಾ ಹೋಗೋಕೆ ಯಾರ್ ಕೈಲೂ ಆಗಲ್ಲ ಮಿಸ್ ಅಂದ್ರು, ಅದೂ ಸರಿಯೇ.

ಓದಿನ ಬಗ್ಗೆ ಇಷ್ಟು ಸಾಕು, ಯಾಕಂದ್ರೆ ನಿಜವಾದ ಕಷ್ಟ ನನಗೆ ಗೊತ್ತಾಗಿದ್ದು ಕೆಲಸದ ವಿಷಯದಲ್ಲಿ.

ಇನ್ನೊಬ್ಬ ಹುಡುಗ, ಐಟಿಐ ಮುಗಿಸಿದ್ದ, ಫಿಟ್ಟರ್. ಎರಡು ವರ್ಷ ಆ ಸರ್ಟಿಫಿಕೇಟನ್ನ ಬೀರುವಿನಲ್ಲಿಟ್ಟು ತೋಟದ ಕೆಲಸಕ್ಕೆ ಹೋಗ್ತಿದ್ದ. ಗೊತ್ತಿದ್ದವರ ಮೂಲಕ ಪೀಣ್ಯದ ಒಂದು ಕಂಪನಿಯಲ್ಲಿ ಅಪ್ರೆಂಟಿಸ್ ಸಿಕ್ತು. ಅವರಮ್ಮ ಮಲ್ಲಿಗೆ ಹೂ ತಂದ್ಕೊಟ್ಟು ಹೋದ್ರು. ಒಂಬತ್ತೇ ದಿನಕ್ಕೆ ಹುಡುಗ ವಾಪಸ್. ನನಗೆ ಸಿಟ್ಟು ಬಂತು, ನಿಜ ಹೇಳ್ತೀನಿ, ಹೇಳಿ ಕಳಿಸಿ ಬೈದೆ ಕೂಡ. ಅವನು ಪಾಪ ಬೈಸ್ಕೊಂಡು ನಿಂತಿದ್ದು ಆಮೇಲೆ ಲೆಕ್ಕ ಒಪ್ಪಿಸ್ದ. ಸಂಬಳ ಬರೋದು ಮುಂದಿನ ತಿಂಗಳು ಏಳನೇ ತಾರೀಕು. ರೂಮಿಗೆ ನಾಲ್ಕು ಜನ ಸೇರಿ ಅಡ್ವಾನ್ಸು, ಅವನ ಪಾಲು ಕೊಡ್ಬೇಕು. ಸೇಫ್ಟಿ ಶೂ ಅವನೇ ತಗೋಬೇಕು. ಮಧ್ಯಾಹ್ನ ಕ್ಯಾಂಟೀನ್ ಇದೆ, ರಾತ್ರಿ ಊಟ ಬೆಳಗ್ಗೆ ತಿಂಡಿ ಹೊರಗೆ. ಮನೆಯಿಂದ ತಗೊಂಡು ಹೋಗಿದ್ದು 1,500 ರೂಪಾಯಿ. ಎಂಟನೇ ದಿನ ಖಾಲಿ. ಕೇಳೋಕೆ ಯಾರಿದಾರೆ, ಅಪ್ಪ ಕೊಡೋ ಸ್ಥಿತಿಯಲ್ಲಿಲ್ಲ, ಸೂಪರ್‌ವೈಸರ್‌ನ ಕೇಳೋಕೆ ಹೆದರಿಕೆ. ತೋಟದ ಕೆಲಸಕ್ಕೆ ಹೋದ್ರೆ ಸಂಜೆ ಕೈಯಲ್ಲಿ ದುಡ್ಡು ಇರುತ್ತೆ ಮಿಸ್ ಅಂದ.

ದಿನಗೂಲಿಯಿಂದ ತಿಂಗಳ ಸಂಬಳಕ್ಕೆ ದಾಟೋದು ಅಂದ್ರೆ ನಲವತ್ತು ದಿನದ ಒಂದು ಹೊಳೆ ದಾಟಿದ ಹಾಗೆ. ಸಂಬಳದ ಮನೆಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಆ ಹೊಳೆ ಕಾಣೋದೇ ಇಲ್ಲ, ಅಪ್ಪ ಮೊಬೈಲಲ್ಲಿ ದುಡ್ಡು ಹಾಕ್ತಾರೆ, ದಾಟ್ತಾರೆ. ಇವನಿಗೆ ಯಾರು ಹಾಕ್ತಾರೆ? ನಾವು ಇವನನ್ನ ‘ಕಷ್ಟ ಬೀಳೋಕೆ ತಯಾರಿಲ್ಲದ ಹುಡುಗರು’ ಅನ್ನೋ ಲಿಸ್ಟಿಗೆ ಸೇರಿಸಿ ಮುಗಿಸಿಬಿಡ್ತೀವಿ. ತರಬೇತಿ ಕೊಡೋಕೆ ಸ್ಕೀಮ್ ಇದೆ, ಅಪ್ರೆಂಟಿಸ್‌ಗಳ ಸ್ಟೈಪೆಂಡಿನಲ್ಲಿ ಕಾಲು ಭಾಗ, ತಿಂಗಳಿಗೆ 1,500 ರೂಪಾಯಿ ಮಿತಿಯಲ್ಲಿ, ಕೇಂದ್ರ ಸರ್ಕಾರ ಕೊಡೋ ಪದ್ಧತಿ 2016ರಲ್ಲೇ ಬಂತು. ಮೊದಲ ಸಂಬಳ ಬರೋವರೆಗಿನ ಊಟಕ್ಕೆ ಸ್ಕೀಮ್ ಇರೋದನ್ನ ನಾನು ನೋಡಿಲ್ಲ. ನಾವು ಐದಾರು ಜನ, ಇಬ್ಬರು ರಿಟೈರ್ಡ್ ಮೇಷ್ಟ್ರು, ಒಬ್ಬ ಕೊಬ್ಬರಿ ವ್ಯಾಪಾರಿ, ನಾನು, ನನ್ನ ಅಣ್ಣ, ಸೇರಿ ಸ್ವಲ್ಪ ದುಡ್ಡು ಎತ್ತಿಟ್ವಿ. ಕೆಲಸ ಸಿಕ್ಕವನಿಗೆ 4,000, ಬಡ್ಡಿ ಇಲ್ಲ, ಎರಡನೇ ಸಂಬಳದಿಂದ ಐನೂರು ಐನೂರು ವಾಪಸ್. ಇದುವರೆಗೂ ಏಳು ಜನಕ್ಕೆ ಕೊಟ್ಟಿದೀವಿ, ಐದು ಜನ ಪೂರ್ತಿ ತೀರಿಸಿದಾರೆ, ಒಬ್ಬ ತೀರಿಸ್ತಿದಾನೆ, ಒಬ್ಬನ ಫೋನ್ ಸ್ವಿಚ್ಡ್ ಆಫ್. ಆ ಫಿಟ್ಟರ್ ಹುಡುಗ ಎರಡನೇ ಸಲ ಹೋದ, ಈಗಲೂ ಅಲ್ಲೇ ಇದಾನೆ, ತಿಂಗಳಿಗೊಂದು ಭಾನುವಾರ ಟ್ರೈನಲ್ಲಿ ಬಂದು ಹೋಗ್ತಾನೆ.

ಯುರೋಪಿನಲ್ಲಿ 2013ರಿಂದ ಒಂದು ಒಪ್ಪಂದ ಇದೆ. 25 ವರ್ಷದೊಳಗಿನ ಯಾರೇ ಓದು ಬಿಟ್ರೂ ಕೆಲಸ ಕಳ್ಕೊಂಡ್ರೂ ನಾಲ್ಕು ತಿಂಗಳೊಳಗೆ ಅವರಿಗೆ ಒಂದು ಕೆಲಸ, ಇಲ್ಲ ಮುಂದಿನ ಓದು, ಇಲ್ಲ ತರಬೇತಿ, ಏನಾದ್ರೊಂದನ್ನ ಮುಂದಿಡಬೇಕು ಅಂತ ದೇಶಗಳೆಲ್ಲ ಒಪ್ಕೊಂಡಿದಾವೆ, ಆಮೇಲೆ ವಯಸ್ಸನ್ನ 30ಕ್ಕೆ ಏರಿಸಿದ್ರು. ಎಲ್ಲ ಕಡೆ ಸರಿಯಾಗಿ ನಡೀತು ಅಂತ ನಾನು ಹೇಳಲ್ಲ. ನನಗೆ ಹಿಡಿಸಿದ್ದು ಆ ‘ನಾಲ್ಕು ತಿಂಗಳು’ ಅನ್ನೋ ಮಾತು. ಅಂದ್ರೆ ಯಾರೋ ಒಬ್ಬರು ಎಣಿಸ್ತಾ ಇರ್ತಾರೆ. ನಮ್ಮಲ್ಲಿ ಸೇರಿದವರನ್ನ ಎಣಿಸ್ತೀವಿ, ಹಾಜರಾತಿ ಎಣಿಸ್ತೀವಿ, ಪಾಸಾದವರನ್ನ ಎಣಿಸಿ ಫ್ಲೆಕ್ಸ್ ಹಾಕ್ತೀವಿ. ಜೂನಲ್ಲಿ ಎಲ್ಲೂ ಸೇರದೆ ಹೋದವನು ಅಕ್ಟೋಬರ್‌ನಲ್ಲಿ ಎಲ್ಲಿದಾನೆ ಅಂತ ಎಣಿಸೋ ರಿಜಿಸ್ಟರ್ ಯಾವ ಸ್ಕೂಲಲ್ಲೂ ನಾನು ನೋಡಿಲ್ಲ.

ಯುವನಿಧಿ ಬಂದಾಗ, 2024ರ ಜನವರಿ 12, ಶಿವಮೊಗ್ಗದಲ್ಲಿ ಶುರುವಾಗಿದ್ದು, ನಮ್ ಹುಡುಗರು ಬಂದು ಕೇಳಿದ್ರು, ನಮಗೂ ಬರುತ್ತಾ ಮಿಸ್ ಅಂತ. ಡಿಗ್ರಿ ಮಾಡಿದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದವರೆಗೆ. ಹತ್ತನೇ ಕ್ಲಾಸ್ ದಾಟದವನಿಗೆ ಏನೂ ಇಲ್ಲ. ಡಿಗ್ರಿ ಮಾಡಿ ಕೆಲಸ ಸಿಗದವರ ಕಷ್ಟ ಕಷ್ಟವೇ, ಅವರಿಗೆ ಕೊಡಬಾರದು ಅಂತಲ್ಲ, ಆದ್ರೆ ಎಲ್ಲರಿಗಿಂತ ಹಿಂದೆ ಉಳಿದವನ ಹೆಸರೇ ಪಟ್ಟಿಯಲ್ಲಿ ಇಲ್ಲ ಅನ್ನೋದು ನನಗೆ ನೋವಾಗುತ್ತೆ.

ದಾರಿಗಳು ಇಲ್ವೇ ಇಲ್ಲ ಅಂತ ಅಲ್ಲ, ಬೇಕಾದಷ್ಟಿವೆ, ಅದೇ ಬೇಜಾರು. ಎಂಟನೇ ಕ್ಲಾಸ್ ಪಾಸಾಗಿದ್ರೆ ಸಾಕು, ಐಟಿಐನಲ್ಲಿ ವೈರ್‌ಮನ್ ಥರದ ಕೆಲವು ಟ್ರೇಡ್‌ಗಳಿಗೆ ಸೇರಬಹುದು. ಎಸ್ಸೆಸ್ಸೆಲ್ಸಿ ಫೇಲ್ ಅಂದ್ರೆ ಐಟಿಐ ಇಲ್ಲ ಅಂತಾನೇ ನಮ್ ಕಡೆ ಎಷ್ಟೋ ಜನ ಅನ್ಕೊಂಡಿದಾರೆ. 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ 14 ವರ್ಷ ತುಂಬಿದ ಯಾರು ಬೇಕಾದ್ರೂ ಹತ್ತನೇ ಕ್ಲಾಸಿಗೆ ಹೆಸರು ನೋಂದಾಯಿಸಬಹುದು, ಐದು ಸಬ್ಜೆಕ್ಟು, ಮುಗಿಸೋಕೆ ಐದು ವರ್ಷ ಟೈಮು. ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಶುರುವಾಯ್ತು, ಊಟ ವಸತಿ ಎಲ್ಲ ಉಚಿತವಾಗಿ ಕೊಟ್ಟು ಕಸುಬು ಕಲಿಸೋ ಸಂಸ್ಥೆ, ಅದನ್ನ ನೋಡಿಯೇ ಕೇಂದ್ರ ಸರ್ಕಾರ ಆಮೇಲೆ ದೇಶದ ಜಿಲ್ಲೆ ಜಿಲ್ಲೆಯಲ್ಲೂ ಬ್ಯಾಂಕುಗಳಿಂದ ಅಂಥ ತರಬೇತಿ ಕೇಂದ್ರ ಮಾಡಿಸ್ತು. ನಮ್ಮ ಕರ್ನಾಟಕದಲ್ಲಿ ಹುಟ್ಟಿದ್ದು ಇಡೀ ದೇಶಕ್ಕೆ ಮಾದರಿ ಆಯ್ತು, ಆದ್ರೆ ವರಾಂಡಕ್ಕೆ ಬಂದ ಹನ್ನೊಂದು ಜನರಲ್ಲಿ ಒಬ್ಬರಿಗೂ ಇದರಲ್ಲಿ ಯಾವುದೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದಿದ್ದು ಲೈಟ್ ಕಂಬದ ಮೇಲಿನ ಪೋಸ್ಟರ್, ‘ಎಸ್ಸೆಸ್ಸೆಲ್ಸಿ ಫೇಲಾ? ಪಾಸ್ ಗ್ಯಾರಂಟಿ’. ಒಬ್ಬನ ಮನೆಯವರು ಹಸು ಮಾರಿ ಅಂಥ ಕಡೆ 18,000 ಕಟ್ಟಿದ್ರು. ಆರು ತಿಂಗಳಾದ ಮೇಲೆ ಹೋದ್ರೆ ಬಾಗಿಲಿಗೆ ಬೀಗ. ಆ ಹುಡುಗ ಈಗ ಯಾವ ಫಾರ್ಮ್ ನೋಡಿದ್ರೂ ಎದ್ದು ಹೋಗ್ತಾನೆ, ಅವನಿಗೆ ಏನು ಹೇಳೋದು.

ಆದ್ದರಿಂದ ಮಾಹಿತಿ ಕೊಟ್ರೆ ಆಯ್ತು ಅನ್ನೋರ ಜೊತೆ ನನಗೆ ಜಗಳ. ಒಂದು ವಾಟ್ಸಾಪ್ ಗ್ರೂಪಲ್ಲಿ ಎಲ್ಲ ಲಿಂಕ್ ಹಾಕಿದ್ದೆ ನಾನೂ, ಯಾರೂ ಒತ್ತಲಿಲ್ಲ. ಜೊತೆಗೆ ಹೋದಾಗ ಮಾತ್ರ ಕೆಲಸ ಆಯ್ತು. ಕಾಯಿ ಸುಲಿಯೋ ಹುಡುಗನ ಜೊತೆ ನಾನೇ ಸ್ಕೂಲ್ ಆಫೀಸಿಗೆ ಹೋದೆ, ಪ್ರೇಯರ್ ಟೈಮಲ್ಲಲ್ಲ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಐದೂವರೆಗೆ. ಎಚ್ಎಮ್‌ಗೆ ಮೊದಲೇ ಹೇಳಿಟ್ಟಿದ್ದೆ. ಅವರು ಒಂದೇ ಮಾತು ಹೇಳಿದ್ದು, "ಬಾಪ್ಪ, ಕೂತ್ಕೋ", ಕುರ್ಚಿ ತೋರ್ಸಿ. ಅವನು ಆ ಆಫೀಸಲ್ಲಿ ಕುರ್ಚಿ ಮೇಲೆ ಕೂತಿದ್ದು ಅದೇ ಮೊದಲು. ವಿಜ್ಞಾನ, ಇಂಗ್ಲಿಷ್ ಪಾಸು, ಗಣಿತ ಇನ್ನೂ ಉಳಿದಿದೆ, ನಾಲ್ಕೇ ಮಾರ್ಕಲ್ಲಿ ಹೋಯ್ತು. ಗಣಿತದ ಮೇಷ್ಟ್ರಮ್ಮನ ವರಾಂಡದಲ್ಲಿ ಕೂತು ಗಣಿತನೇ ಹೋಯ್ತಲ್ಲ ಮಿಸ್ ಅಂತ ಅವನೇ ಬೇಜಾರು ಮಾಡ್ಕೊಂಡ, ನನಗಿಂತ ಜಾಸ್ತಿ. ಅದರ ಜೊತೆಗೇ ವೈರ್‌ಮನ್‌ಗೆ ಸೇರಿದಾನೆ. ರಜೆ ಇದ್ದಾಗ ಈಗಲೂ ಕಾಯಿ ಸುಲೀತಾನೆ. ಕಾಲೇಜ್ ಫಾರ್ಮಲ್ಲಿ ‘ಹಿಂದಿನ ಅನುಭವ’ ಅಂತ ಒಂದು ಕಾಲಂ ಇತ್ತು, ಖಾಲಿ ಬಿಟ್ಟಿದ್ದ. ನಾನು ಬರೆಸಿದೆ, ‘ತೆಂಗಿನಕಾಯಿ ಸುಲಿಯುವುದು, ಒಂದು ವರ್ಷ’ ಅಂತ. ಕೌಂಟರ್‌ನವರು ಏನೂ ಅನ್ನಲಿಲ್ಲ, ಸೀಲ್ ಹಾಕಿದ್ರು.

ಹೆಣ್ಣುಮಕ್ಕಳ ವಿಷಯ ಬೇರೆಯೇ ಬರೀಬೇಕು, ಆದ್ರೂ ಒಂದು ಹೇಳ್ತೀನಿ. ಹನ್ನೊಂದು ಜನರಲ್ಲಿ ಇಬ್ಬರೇ ಹುಡುಗಿಯರು ಬಂದಿದ್ದು. ಗಂಡುಹುಡುಗರು ಕೈಬಿಟ್ಟು ಹೋದ್ರೆ ಬಸ್ ಸ್ಟ್ಯಾಂಡಲ್ಲಾದ್ರೂ ಸಿಗ್ತಾರೆ, ಹುಡುಗಿಯರು ಕಣ್ಣಿಗೇ ಬೀಳಲ್ಲ. ಹತ್ತನೇ ಕ್ಲಾಸ್ ಮುಗಿದ ಮೇಲೆ ಅಡುಗೆ, ದನ, ಅಜ್ಜಿ ಸೇವೆ, ತಮ್ಮನ ಹೋಂವರ್ಕ್, ಎರಡು ವರ್ಷದಲ್ಲಿ ಲಗ್ನಪತ್ರಿಕೆ ಬರುತ್ತೆ ಸ್ಟಾಫ್ ರೂಮಿಗೆ. 2023ರ ಜೂನಿಂದ ಶಕ್ತಿ ಯೋಜನೆಯಲ್ಲಿ ಬಸ್ ಟಿಕೆಟ್ ಇಲ್ಲ ಅಂತಾದ ಮೇಲೆ ಒಂದು ನೆಪ ಕಮ್ಮಿಯಾಗಿದೆ, ಬಸ್ ಚಾರ್ಜಿಗೆ ಅಪ್ಪನ ಮುಂದೆ ಕೈ ಚಾಚಬೇಕಿಲ್ಲ. ಉಳಿದಿರೋದು ‘ಒಬ್ಳೇ ಹೆಂಗೆ ಕಳ್ಸೋದು ಮೇಡಮ್ಮೋರೆ’ ಅನ್ನೋದು. ಅದನ್ನ ಹಳೇ ಕಾಲದವರ ಮಾತು ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ರಾತ್ರಿ ಏಳೂವರೆಗೆ ಕ್ರಾಸ್‌ನಲ್ಲಿ ಇಳಿದು ಲೈಟಿಲ್ಲದ ಎರಡು ಕಿಲೋಮೀಟರ್ ನಡೆಯೋ ಹುಡುಗಿಯ ಅಮ್ಮ ಆಕೆ. ಇಬ್ಬರು ಹುಡುಗಿಯರನ್ನ ಒಂದೇ ಕಡೆ ಸೇರಿಸಿದ್ರೆ ಆ ಮಾತು ಅರ್ಧ ಕರಗುತ್ತೆ, ಇದು ಅನುಭವದಿಂದ ಹೇಳ್ತಿರೋದು. ಒಬ್ಬಳನ್ನ ಸೇರಿಸೋಕೆ ಹೋಗಬೇಡಿ, ಜೋಡಿ ಹುಡುಕಿ.

ಆ ಇಬ್ಬರಲ್ಲಿ ಒಬ್ಬಳು ಹೊಲಿಗೆ ಬೇಡ ಮಿಸ್, ಎಲ್ಲರೂ ಹೊಲಿಗೆ ಹೊಲಿಗೆ ಅಂತಾರೆ, ನನಗೆ ಮೊಬೈಲ್ ರಿಪೇರಿ ಕಲೀಬೇಕು ಅಂದಿದಾಳೆ. ಮನೇಲಿ ಅಣ್ಣನ ಹಳೇ ಮೊಬೈಲ್ ಬಿಚ್ಚಿ ಡಿಸ್‌ಪ್ಲೇ ಹಾಕಿದಾಳಂತೆ, ಯಾರೂ ಹೇಳ್ಕೊಟ್ಟಿಲ್ಲ, ವಿಡಿಯೋ ನೋಡ್ಕೊಂಡು. ತರಬೇತಿಗೆ ಅರ್ಜಿ ಹಾಕೋಕೆ ಹೋದ್ರೆ ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ ಇದೆ, ಮಾರ್ಕ್ಸ್ ಕಾರ್ಡಲ್ಲಿ ಮುಂದೆ, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಇಲ್ಲವೇ ಇಲ್ಲ. ಮೂರೂ ಒಂದೇ ಆಗ್ಬೇಕಂತೆ. ಅದನ್ನ ತಿದ್ದಿಸೋಕೆ ಸೆಂಟರಿಗೆ ಎರಡು ಸಲ ಅವಳೊಬ್ಬಳೇ ಹೋಗಿ ವಾಪಸ್ ಬಂದಿದಾಳೆ, ಒಂದ್ಸಲ ಸರ್ವರ್ ಇಲ್ಲ, ಇನ್ನೊಂದ್ಸಲ ಟೋಕನ್ ಮುಗಿದಿತ್ತು. ಮೂರನೇ ಸಲ ಹೋಗಲ್ಲ ಅಂತ ಹಠ ಹಿಡಿದಿದ್ಲು, ಮೊನ್ನೆ ಅವರಮ್ಮ ಫೋನ್ ಮಾಡಿ, ನಾನೂ ಬರ್ತೀನಿ ಮೇಡಮ್ಮೋರೆ, ಹಾಲು ಡೈರಿಗೆ ಹಾಕಿ ಬಂದ್ಬಿಡ್ತೀನಿ ಅಂದ್ರು. ನಾಳೆ ನನಗೂ ರಜೆ. ಸೆಂಟರ್ ತೆಗೆಯೋದು ಹತ್ತಕ್ಕೆ, ಟೋಕನ್ ಒಂಬತ್ತಕ್ಕೇ ಮುಗಿದುಹೋಗುತ್ತಂತೆ, ಎಂಟಕ್ಕೆ ಅಲ್ಲಿರಬೇಕು.